ಇಳಿಯಲು ಜಾಗ ಸಿಗದೆ ಸುತ್ತುತ್ತಿದ್ದ ವಿಮಾನ

ಇದನ್ನು ಇದುವರೆಗೆ ಮೂವರಿಗೆ ಹೇಳಿದ್ದೇನೆ. ಒಬ್ಬರು ನಕ್ಕರು. ಇನ್ನೊಬ್ಬರು ಯಾವುದಾದರೂ ದೇವಸ್ಥಾನಕ್ಕೆ ಹೋಗಿ ಬಾ ಎಂದರು. ನನ್ನ ಗಂಡ ಮಹೇಶ್ ಮಾತ್ರ, ಈ ವಿಷಯ ಮನೆಯಲ್ಲಿ ಮತ್ತೆ ಎತ್ತಬೇಡ ಎಂದರು. ಎತ್ತಬಾರದು ಅಂತಲೇ ಇದ್ದೆ. ಆದರೆ ಅವತ್ತು ನನ್ನ ಕಾಲ ಕೆಳಗಿನ ನೆಲ ನಡುಗಿದ್ದು ನಿಜ, ಕಿವಿಯ ಪಕ್ಕದಲ್ಲೇ ಆ ಮಾತು ಕೇಳಿಸಿದ್ದೂ ನಿಜ. ಇದರಲ್ಲಿ ಒಂದಕ್ಷರವೂ ನಾನು ಕಟ್ಟಿದ್ದಲ್ಲ.

ನಾನು ಮೈಸೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಮಾಡುವವಳು. ದಿನವಿಡೀ ಕಂಪ್ಯೂಟರಿನ ಮುಂದೆ ಯಾರದೋ ಧಾರೆ, ಯಾರದೋ ಆರತಕ್ಷತೆ. ಅದರ ಬೇಸರ ಕಳೆಯಲು ಹಿಡಿದ ಹುಚ್ಚು ವಿಮಾನಗಳ ಫೋಟೋ ತೆಗೆಯುವುದು. ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ಬಂದಿಳಿಯುವ ಎರಡು ಫ್ಯಾನಿನ ಪುಟ್ಟ ವಿಮಾನ, ಎತ್ತರದಲ್ಲಿ ಬಿಳಿ ಗೆರೆ ಎಳೆದುಕೊಂಡು ಹೋಗುವ ದೊಡ್ಡ ಜೆಟ್, ಅಪರೂಪಕ್ಕೆ ವಾಯುಪಡೆಯ ಹೆಲಿಕಾಪ್ಟರ್... ಯಾವುದಾದರೂ ಸರಿ.

ಹೆಂಗಸೊಬ್ಬಳು ಕ್ಯಾಮೆರಾ ನೇತುಹಾಕಿಕೊಂಡು ರಿಂಗ್ ರೋಡಿನಾಚೆ ಒಬ್ಬಳೇ ನಿಂತಿರುವುದು ಮನೆಯವರಿಗೆ ಹಿಡಿಸಲಿಲ್ಲ. ಹಾಗಾಗಿ ನಮ್ಮ ಮಾವ, ಮಹೇಶ್ ಅವರ ತಂದೆ, ಜೊತೆಗೆ ಬರತೊಡಗಿದರು. ಹೆಸರು ಪುಟ್ಟಸ್ವಾಮಿ. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಲೇತ್ ಮೆಷಿನ್ ಮುಂದೆ ನಿಂತು ನಿವೃತ್ತರಾದವರು. ಕಾವಲಿಗೆಂದು ಬಂದವರು ವರ್ಷ ಕಳೆಯುವಷ್ಟರಲ್ಲಿ ನನಗಿಂತ ದೊಡ್ಡ ಹುಚ್ಚರಾದರು. ಹಿನಕಲ್‌ನ ನಮ್ಮ ಮನೆಯ ತಾರಸಿಯ ಮೇಲೆ ಕಣ್ಣು ಮುಚ್ಚಿ ಕೂತು, ಬರೀ ಸದ್ದು ಕೇಳಿಯೇ ಯಾವ ವಿಮಾನ ಅಂತ ಹೇಳುತ್ತಿದ್ದರು. ಹತ್ತರಲ್ಲಿ ಎಂಟು ಸಲ ಸರಿಯಾಗಿರುತ್ತಿತ್ತು. ತಪ್ಪಿದ ಎರಡಕ್ಕೆ ವಿಮಾನವನ್ನೇ ಬೈಯುತ್ತಿದ್ದರು.

ದಸರಾ ಹತ್ತಿರವಾಗಿತ್ತು. ಆ ವರ್ಷ ವಾಯುಪಡೆಯ ಪ್ರದರ್ಶನವಿತ್ತು, ಅದರ ಅಭ್ಯಾಸಕ್ಕೆ ಮಧ್ಯಾಹ್ನದಿಂದಲೇ ವಿಮಾನಗಳು ಊರ ಮೇಲೆ ಗುಡುಗುತ್ತಿದ್ದವು. ಊರೊಳಗೆ ತಂತಿ, ಕಟ್ಟಡ ಅಡ್ಡ ಬರುತ್ತವೆಂದು ನಾವಿಬ್ಬರೂ ಸ್ಕೂಟರಿನಲ್ಲಿ ಹುಣಸೂರು ರಸ್ತೆ ಹಿಡಿದು ಇಲವಾಲ ದಾಟಿ ಹೋದೆವು. ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಕೆರೆ ಏರಿ, ಅದರ ಪಕ್ಕಕ್ಕೆ ದನ ಮೇಯುವ ಉದ್ದನೆಯ ಗೋಮಾಳ. ಅಲ್ಲಿ ಆಕಾಶ ಇಡಿಯಾಗಿ ಸಿಗುತ್ತದೆ.

ಅವತ್ತು ಒಳ್ಳೊಳ್ಳೆ ಫೋಟೋ ಸಿಕ್ಕವು. ಮಾವ ಮಕ್ಕಳ ಹಾಗೆ ಕುಣಿದುಬಿಟ್ಟರು. ಸೂರ್ಯ ಮುಳುಗಿ, ವಿಮಾನಗಳೆಲ್ಲ ಬೆಂಗಳೂರು ಕಡೆ ಹೋದ ಮೇಲೂ ನಾವು ಹೊರಡಲಿಲ್ಲ. ಪಶ್ಚಿಮದಲ್ಲಿ ಒಂದೇ ಒಂದು ದೊಡ್ಡ ನಕ್ಷತ್ರ ಮೂಡಿತ್ತು. ಅದನ್ನೂ ಒಂದೆರಡು ಫೋಟೋ ತೆಗೆಯೋಣವೆಂದು ನಾನು ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿದೆ. ಮಾವ ಏರಿಯ ಮೇಲೆ ಒಂದಷ್ಟು ದೂರ ಮುಂದೆ ನಿಂತಿದ್ದರು.

ಆಗ ಕೆರೆಯ ಕಪ್ಪೆಗಳು ಸುಮ್ಮನಾದವು.

ಒಂದೊಂದಾಗಿ ಅಲ್ಲ... ಎಲ್ಲವೂ ಒಟ್ಟಿಗೆ. ಗೋಮಾಳದಲ್ಲಿದ್ದ ಎರಡು ದನ ಮುಂಗಾಲು ಮಡಚಿ ಕುಸಿದು ಕೂತವು. ನನ್ನ ಮುಖಕ್ಕೆ ಬಿಸಿ ಗಾಳಿ ಬಡಿಯಿತು, ಅದರ ಹಿಂದೆಯೇ ಸುಟ್ಟ ಸೀಮೆಎಣ್ಣೆಯ ವಾಸನೆ. ವಿಮಾನ ನಿಲ್ದಾಣದ ಬೇಲಿ ಪಕ್ಕ ನಿಂತವರಿಗೆ ಆ ವಾಸನೆ ಚೆನ್ನಾಗಿ ಗೊತ್ತು. ಏನೋ ಬಹಳ ದೊಡ್ಡದು, ಬಹಳ ತಗ್ಗಿನಲ್ಲಿ, ತಲೆಯ ಮೇಲೇ ಹಾದುಹೋಗುತ್ತಿದೆ ಎಂದು ಮೈಗೆ ಗೊತ್ತಾಗುತ್ತಿತ್ತು. ಕಣ್ಣಿಗೆ ಏನೂ ಕಾಣಲಿಲ್ಲ. ಕಿವಿಗೆ ಏನೂ ಕೇಳಲಿಲ್ಲ. ಬೆರಳು ಮಾತ್ರ ರೂಢಿಯಂತೆ ಶಟರ್ ಒತ್ತುತ್ತಲೇ ಇತ್ತು.

ಮಾವ ತಲೆಯೆತ್ತಿ, ಬಾಯಿ ತೆರೆದು, ಮೇಲೆ ನೋಡುತ್ತಿದ್ದರು. ನಿಧಾನವಾಗಿ ಅವರ ಮುಖ ಪೂರ್ವದಿಂದ ಪಶ್ಚಿಮಕ್ಕೆ ತಿರುಗಿತು.

ಕಪ್ಪೆಗಳು ಮತ್ತೆ ಶುರುವಾದವು. "ಏನ್ ಮಾವ ಅದು?" ಅಂದೆ. "ನಡಿ ಮಗ, ಮನೆಗೋಗಣ," ಅಂದರು ಅಷ್ಟೇ.

ಮನೆಗೆ ಬಂದು ಫೋಟೋ ನೋಡಿದೆ. ಬರೀ ಕತ್ತಲ ಆಕಾಶ, ಎಲ್ಲದರಲ್ಲೂ ಆ ನಕ್ಷತ್ರ. ನಡುವಿನ ಒಂದೇ ಒಂದು ಫೋಟೋದಲ್ಲಿ ಮಾತ್ರ ನಕ್ಷತ್ರ ಇರಲಿಲ್ಲ. ಯಾರೋ ಅದರ ಮುಂದೆ ಕೈ ಅಡ್ಡ ಹಿಡಿದು ತೆಗೆದ ಹಾಗೆ.

ಮರುದಿನ ಬೆಳಗ್ಗೆ ಹೆಲಿಕಾಪ್ಟರೊಂದು ನಮ್ಮ ಮನೆಯ ಮೇಲೆಯೇ ತಗ್ಗಿನಲ್ಲಿ ಹೋಯಿತು. ಕಿಟಕಿ ಗಾಜು ಅದುರಿತು, ಬೀದಿಯ ಮಕ್ಕಳೆಲ್ಲ ಕೂಗಿಕೊಂಡು ಹೊರಗೋಡಿದರು. ನಾನು ಕ್ಯಾಮೆರಾ ಹಿಡಿದು ಮೆಟ್ಟಿಲ ಕಡೆ ಓಡುತ್ತಾ, "ಮಾವ, ಬನ್ನಿ!" ಅಂದೆ.

ಮಾವ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. "ಎಲ್ಲಿಗಮ್ಮ?" ಅಂದರು.

"ಹೆಲಿಕಾಪ್ಟರ್ ಮಾವ! ಕೇಳಿಸ್ತಿಲ್ವಾ?"

ಅವರು ನನ್ನ ಮುಖ ನೋಡಿದರು, ಆಮೇಲೆ ಸೂರನ್ನು ನೋಡಿದರು. ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. "ತಮಾಸೆ ಮಾಡ್ಬೇಡ ಕಣಮ್ಮ," ಅಂದರು ಮೆಲ್ಲಗೆ.

ಬೇರೆಲ್ಲ ಅವರಿಗೆ ಕೇಳಿಸುತ್ತಿತ್ತು. ಕುಕ್ಕರಿನ ಸೀಟಿ, ಹಾಲಿನವನ ಗಂಟೆ, ಪಕ್ಕದ ಮನೆಯ ಜಗಳ. ವಿಮಾನದ ಸದ್ದು ಮಾತ್ರ ಅವರ ಪಾಲಿಗೆ ಇಲ್ಲವಾಗಿತ್ತು. ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಈ ವಯಸ್ಸಿಗೆ ಇಷ್ಟು ಚೆನ್ನಾಗಿರುವುದೇ ಹೆಚ್ಚು ಎಂದು ಒಂದಿಷ್ಟು ಶಕ್ತಿಯ ಮಾತ್ರೆ ಬರೆದುಕೊಟ್ಟರು. ಮಹೇಶ್, "ಅಪ್ಪಂಗೆ ವಯಸ್ಸಾಯ್ತು ಕಣೇ, ನೀನೂ ಸೇರ್ಕೊಂಡು ಹುಚ್ಚಾಡ್ಬೇಡ" ಎಂದು ಬೇಜಾರು ಮಾಡಿಕೊಂಡರು. ಮಾವ ತಾರಸಿಗೆ ಹೋಗುವುದನ್ನೇ ಬಿಟ್ಟರು. ಅವರು ಹಾಗೆ ಮಂಕಾಗಿ ಕೂರುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಅದಕ್ಕಿಂತ ಕೆಟ್ಟದ್ದು ದಸರಾ ಮುಗಿದ ಮೇಲೆ ಶುರುವಾಯಿತು.

ರಾತ್ರಿ ಊಟಕ್ಕೆ ಕೂತಿದ್ದೆವು. ಮುದ್ದೆ ಮುರಿಯುತ್ತಿದ್ದ ಮಾವನ ಕೈ ನಿಂತಿತು. "ಕೇಳಿಸ್ತಾ?" ಅಂದರು.

ಏನೂ ಇರಲಿಲ್ಲ. ಫೋನಿನಲ್ಲಿ ವಿಮಾನಗಳ ಜಾಡು ತೋರಿಸುವ ಆ್ಯಪ್ ತೆಗೆದು ನೋಡಿದೆ. ಮೈಸೂರಿನ ಮೇಲೆ ಆಕಾಶ ಖಾಲಿ.

"ದೊಡ್ಡದು," ಅಂದರು ಮಾವ. "ಇಂಥ ಸದ್ದು ನಾನು ಕೇಳೇ ಇಲ್ಲ. ಸುತ್ತು ಆಕ್ತಾ ಐತೆ... ಬತ್ತದೆ, ಓಯ್ತದೆ, ತಿರ್ಗಾ ಬತ್ತದೆ."

ಮಹೇಶ್ ತಟ್ಟೆ ಬಿಟ್ಟು ಎದ್ದುಹೋದರು.

ಅಲ್ಲಿಂದ ದಿನಾ ರಾತ್ರಿ ಅದೇ. ಮಾವನಿಗೆ ನಿದ್ದೆ ಇಲ್ಲ. ಬಾಗಿಲ ಬಳಿ ಟವೆಲ್ ಹೊದ್ದು ಕೂತು, ನಮಗೆ ಕಾಣದ ಯಾವುದನ್ನೋ ಕತ್ತು ತಿರುಗಿಸಿ ಹಿಂಬಾಲಿಸುತ್ತಿದ್ದರು. ಒಂದು ರಾತ್ರಿ ನಾನು ಹೋಗಿ ಪಕ್ಕದಲ್ಲಿ ಕೂತೆ. ಅವರ ಕಣ್ಣಲ್ಲಿ ನೀರಿತ್ತು.

"ಅದ್ಕೆ ಇಳ್ಯಕ್ಕೆ ಜಾಗ ಸಿಕ್ತಿಲ್ಲ ಕಣಮ್ಮ. ಒಳಗೆ ಜನ ಅವ್ರೆ. ಎಷ್ಟು ದಿನ ಅಂತ ಇಂಗೇ ಸುತ್ತಾರು? ಪಾಪ... ಯಾರೂ ದೀಪ ತೋರುಸ್ತಿಲ್ಲ ಅವರ್ಗೆ."

"ನಿಮಗೆ ಹೇಗೆ ಗೊತ್ತು ಮಾವ?"

"ಆ ಮಿಷಿನ್ ಸದ್ದಲ್ಲೇ ಗೊತ್ತಾಯ್ತದೆ. ಸುಸ್ತಾಗೋಗದೆ ಅದು."

ಅದಾಗಿ ಕೆಲವು ದಿನಕ್ಕೆ ನಾನು ಕೆಲಸದಿಂದ ಮನೆಗೆ ಬಂದಾಗ ಮಾವ ಇರಲಿಲ್ಲ. ಕತ್ತಲಾಗಿತ್ತು. ಅಟ್ಟದ ಏಣಿ ನಡುಮನೆಯಲ್ಲಿತ್ತು, ದೀಪಾವಳಿಯ ಹಣತೆ ಇಟ್ಟಿದ್ದ ರಟ್ಟಿನ ಪೆಟ್ಟಿಗೆ ಮಾಯವಾಗಿತ್ತು. ದೇವರ ಮನೆಯ ಎಣ್ಣೆಯ ಕ್ಯಾನೂ ಇಲ್ಲ. ಮಹೇಶ್ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ಎಲ್ಲಿಗೆ ಹೋಗಿರುತ್ತಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಇಲವಾಲ ದಾಟಿ ಸ್ಕೂಟರನ್ನು ರಸ್ತೆ ಬದಿಗೆ ನಿಲ್ಲಿಸಿ, ಫೋನಿನ ಬೆಳಕಿನಲ್ಲಿ ಕೆರೆಯ ಒಳದಾರಿ ಹಿಡಿದೆ. ಏರಿ ಹತ್ತಿದವಳು ಹಾಗೇ ನಿಂತುಬಿಟ್ಟೆ.

ಗೋಮಾಳದ ಉದ್ದಕ್ಕೂ ಎರಡು ಸಾಲು ಹಣತೆ ಉರಿಯುತ್ತಿದ್ದವು. ನೇರವಾಗಿ, ಒಂದಕ್ಕೊಂದು ಜೋಡಿಯಾಗಿ, ಕತ್ತಲಿನೊಳಕ್ಕೆ... ಥೇಟ್ ರನ್‌ವೇ. ಈ ತುದಿಯಲ್ಲಿ ಮಾವ ಕೈಯಲ್ಲಿ ಟಾರ್ಚ್ ಹಿಡಿದು ನಿಂತಿದ್ದರು. ಬಗ್ಗಿ ಬಗ್ಗಿ ದೀಪ ಹಚ್ಚಿ ಸೊಂಟ ನೆಟ್ಟಗಾಗುತ್ತಿರಲಿಲ್ಲ.

"ಮಾವ, ಸಾಕು, ಮನೆಗೆ ಬನ್ನಿ," ಅಂದೆ. ನನಗೆ ಅಳು ಬರುತ್ತಿತ್ತು.

"ಬತ್ತೀನಿ. ಇದೊಂದ್ಸಲ... ನೀನು ಆ ಪಕ್ಕಕ್ಕೆ ನಿಂತ್ಕೊ, ನಿನ್ ಫೋನ್ ಲೈಟ್ ಆಕಿ ಮೇಲಕ್ಕೆ ತೋರ್ಸು. ಒಬ್ನೇ ತೋರುಸುದ್ರೆ ಅವರ್ಗೆ ಅಗ್ಲ ಗೊತ್ತಾಗಕಿಲ್ಲ." ನನ್ನ ಕೈ ಹಿಡಿದುಕೊಂಡರು. "ನನ್ ಮಾತ್ ಮ್ಯಾಲೆ ನಂಬಿಕೆ ಬರ್ದಿದ್ರೂ ಪರ್ವಾಗಿಲ್ಲ ಕಣವ್ವ. ನಿಂತ್ಕೊ ಅಷ್ಟೇಯ."

ಎಳೆದುಕೊಂಡು ಬರಬಹುದಿತ್ತು. ಬರಲಿಲ್ಲ. ಇದೊಂದು ಆಗಿಹೋದರೆ ಮುದುಕರಿಗೆ ನಿದ್ದೆಯಾದರೂ ಬರಲಿ ಅನ್ನಿಸಿತು. ಆಚೆ ಸಾಲಿನಲ್ಲಿ, ಅದೇ ತುದಿಯ ಹಣತೆ ಪಕ್ಕ ನಿಂತು ಫೋನನ್ನು ಮೇಲಕ್ಕೆತ್ತಿದೆ.

ತುಂಬಾ ಹೊತ್ತು ಏನೂ ಆಗಲಿಲ್ಲ. ಸೊಳ್ಳೆ ಕಚ್ಚುತ್ತಿದ್ದವು. ದೂರದಲ್ಲಿ ಹುಣಸೂರು ರಸ್ತೆಯ ಲಾರಿಗಳ ಸದ್ದು. ಕೈ ಸೋತು ಇಳಿಸಬೇಕು ಎನ್ನುವಷ್ಟರಲ್ಲಿ...

ಕಪ್ಪೆಗಳು ಸುಮ್ಮನಾದವು.

ಲಾರಿಗಳ ಸದ್ದೂ ನಿಂತಿತು. ಮಾವನ ಟಾರ್ಚ್ ಬೆಳಕು ಆಕಾಶದಲ್ಲಿ ಅಲುಗದೆ ನಿಂತಿತ್ತು. ಬಿಸಿ ಗಾಳಿ ಬಂತು, ಆ ವಾಸನೆ ಬಂತು. ಗೋಮಾಳದ ಆಚೆ ತುದಿಯ ಎರಡು ಹಣತೆ ಆರಿದವು. ಆಮೇಲೆ ಅದರ ಮುಂದಿನ ಜೋಡಿ. ಅದರ ಮುಂದಿನದು. ಎರಡೆರಡಾಗಿ, ನಮ್ಮ ಕಡೆಗೆ... ಮೊದಲು ವೇಗವಾಗಿ, ಬರಬರುತ್ತಾ ನಿಧಾನವಾಗಿ. ಚಪ್ಪಲಿಯೊಳಗೆ ನನ್ನ ಅಂಗಾಲು ಜುಮ್ಮೆನ್ನುವಷ್ಟು ನೆಲ ಅದುರುತ್ತಿತ್ತು.

ನಮ್ಮಿಂದ ಮೂರನೆಯ ಜೋಡಿ ಆರಿತು. ಅಲ್ಲಿಗೆ ನಿಂತಿತು. ನೆಲದ ನಡುಕವೂ ನಿಂತಿತು.

ಕತ್ತಲಿನಲ್ಲಿ ಲೋಹ ತಣ್ಣಗಾಗುವಾಗ ಬರುವ ಟಿಕ್... ಟಿಕ್... ಸದ್ದು. ಬಹಳ ಎತ್ತರದಿಂದ ಬರುತ್ತಿತ್ತು.

ಆಮೇಲೆ ಜನ ಇಳಿದರು.

ಕಂಡೆ ಎಂದು ಹೇಳುವುದಿಲ್ಲ. ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ತುಂಬಿದ ಬಸ್ಸು ಬಂದು ನಿಂತಾಗ ಬಾಗಿಲ ಪಕ್ಕ ನಿಂತವರಿಗೆ ಹೇಗಾಗುತ್ತದೋ, ಹಾಗೆ. ನನ್ನ ಎಡಕ್ಕೂ ಬಲಕ್ಕೂ ಗಾಳಿ ಸರಿದಾಡುತ್ತಿತ್ತು. ಹುಲ್ಲು ತುಳಿದ ಸದ್ದು. ಬಾಡಿದ ಮಲ್ಲಿಗೆ, ಬೆವರು, ಪೌಡರು, ಬಹಳ ದಿನ ಮುಚ್ಚಿಟ್ಟ ಬಟ್ಟೆಯ ವಾಸನೆ. ಯಾವುದೋ ಬಟ್ಟೆಯ ಅಂಚು ನನ್ನ ಮೊಣಕೈಗೆ ತಾಕಿ ಹೋಯಿತು. ನಾನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡೆ. ಮುಗಿಯುತ್ತಲೇ ಇರಲಿಲ್ಲ ಆ ಜನ.

ನನ್ನ ಕಿವಿಯ ಹತ್ತಿರ ಯಾರೋ ನಿಂತರು. ಹೆಂಗಸಿನ ದನಿ. ತುಂಬಾ ದಣಿದ ದನಿ.

"ಇದ್ಯಾವ ಊರಮ್ಮ?"

ಯಾಕೆ ಹೇಳಿದೆನೋ... ಬಾಯಿ ತಾನಾಗೇ ಆಡಿತು. "ಮೈಸೂರು," ಅಂದೆ.

"ಓ..." ಅಂದಿತು ಆ ದನಿ. ಅದರಲ್ಲಿ ಸಮಾಧಾನವಿತ್ತೋ, ನಿರಾಸೆಯಿತ್ತೋ ಇವತ್ತಿಗೂ ನನಗೆ ಗೊತ್ತಾಗಿಲ್ಲ. ಹುಲ್ಲಿನ ಸದ್ದು ಏರಿ ಹತ್ತಿ, ರಸ್ತೆಯ ಕಡೆಗೆ, ಊರಿನ ದಿಕ್ಕಿಗೆ ಹೋಯಿತು.

ಕಪ್ಪೆಗಳು ವಟಗುಟ್ಟಿದಾಗ ಕಣ್ಣು ಬಿಟ್ಟೆ. ಮಾವ ನೆಲದ ಮೇಲೆ ಕೂತಿದ್ದರು, ಟಾರ್ಚ್ ಮಡಿಲಲ್ಲಿತ್ತು. "ಇಳುದ್ರು," ಅಂದರು. ಅಷ್ಟೇ. ಅವರನ್ನು ಎಬ್ಬಿಸಿ, ಸ್ಕೂಟರಿಗೆ ಹತ್ತಿಸಿ, ಹಿನಕಲ್ ತಲುಪುವವರೆಗೆ ನಾನು ಒಮ್ಮೆಯೂ ಹಿಂದಕ್ಕೆ ತಿರುಗಲಿಲ್ಲ. ದಾರಿಯಲ್ಲಿ ರಸ್ತೆಯ ಪಕ್ಕಕ್ಕೂ ನೋಡಲಿಲ್ಲ. ಅವರೆಲ್ಲ ಅಲ್ಲೇ ನಡೆದು ಹೋಗುತ್ತಿರುತ್ತಾರೆ ಎಂಬ ಭಯ.

ಆ ರಾತ್ರಿ ಮಾವ ಮಗುವಿನ ಹಾಗೆ ನಿದ್ದೆ ಮಾಡಿದರು. ಮರುದಿನ ಬಿಸಿಲೇರಿದಾಗ ಮೇಲೊಂದು ವಿಮಾನ ಹೋಯಿತು. ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. "ಎರಡು ಫ್ಯಾನಿಂದು. ಮಂಡಕಳ್ಳಿಗೆ," ಎಂದು ಒಳಗಿನಿಂದ ಅವರ ದನಿ ಬಂತು. ಖುಷಿಗೆ ನಾನು ಅತ್ತೇಬಿಟ್ಟೆ. ಮಹೇಶ್ ಊರಿಂದ ಬಂದ ಮೇಲೆ, ಡಾಕ್ಟರು ಕೊಟ್ಟ ಔಷಧಿ ಕೆಲಸ ಮಾಡಿತು ಎಂದರು. ನಾನು ಹೂಂ ಅಂದೆ.

ಮತ್ತೆ ಫೋಟೋ ತೆಗೆಯಲು ಹೋಗುತ್ತೇವೆ. ಮಂಡಕಳ್ಳಿ ಕಡೆಗೆ ಮಾತ್ರ, ಅದೂ ಹಗಲು ಹೊತ್ತಿನಲ್ಲಿ. ಊರೊಳಗೆ ಸಂಜೆ ಜನಜಂಗುಳಿಯಲ್ಲಿ ಯಾರಾದರೂ ಅಪರಿಚಿತ ಹೆಂಗಸು ಹಿಂದಿನಿಂದ ದಾರಿ ಕೇಳಿದರೆ ತಿರುಗಿ ನೋಡದೆ ಹೆಜ್ಜೆ ಬಿರುಸು ಮಾಡುತ್ತೇನೆ. ದೀಪ ತೋರಿಸಿದವಳು ನಾನು. ಊರಿನ ಹೆಸರು ಹೇಳಿದವಳೂ ನಾನೇ. ಯಾರು ಅವರು? ಯಾರ ಮನೆಗೆ ಹೋದರು?

ಮಾವನ ಹತ್ತಿರ ಆ ಮಾತು ಎತ್ತಿರಲಿಲ್ಲ. ಮೊನ್ನೆ ತಾರಸಿಯ ಮೇಲೆ ಇಬ್ಬರೇ ಇದ್ದಾಗ ತಡೆಯಲಾಗದೆ ಕೇಳಿದೆ.

"ಮಾವ, ಅದು... ಅಲ್ಲಿಂದ ಹೊರಟುಹೋಯ್ತು ಅಲ್ವಾ?"

ಅವರು ಪಶ್ಚಿಮದ ಕಡೆ, ಇಲವಾಲದ ದಿಕ್ಕಿಗೆ ಮುಖ ಮಾಡಿ ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತರು.

"ಇಳುದುದ್ದು ಕೇಳುಸ್ತು ಕಣಮ್ಮ," ಅಂದರು ಕೊನೆಗೆ. "ಏರುದ್ದು ಇನ್ನೂ ಕೇಳ್ಸಿಲ್ಲ."