ಹಿನ್ನೀರಿನ ಮೇಲೆ ಬಾವಿ ನೀರು

ನೀರಿನ ಮೇಲೆ ನೀರು ಸಾಗಿಸಿದ ಪುಣ್ಯಾತ್ಮರು ನಾವು. ನಗುವವರು ನಗಲಿ.

ಮಂಚಿಕೇರಿ ಕಡೆಯ ನನ್ನ ಭಾವ, ಅಂದರೆ ಅಕ್ಕನ ಗಂಡ, ಊರೂರಿನ ಮದುವೆ ಮುಂಜಿಗಳಿಗೆ ಅಡುಗೆ ಮಾಡುವವನು. ಮಗಳನ್ನು ಕೊಟ್ಟದ್ದು ಹಿನ್ನೀರಿನ ಆಚೆ ದಡಕ್ಕೆ. ಕಳೆದ ಬೇಸಿಗೆಯಲ್ಲಿ ಅವಳ ಮಗುವಿನ ಮೊದಲ ವರ್ಧಂತಿ ಬಂತು. ತವರಿನ ಅಪ್ಪೆಹುಳಿ, ಅದೇ ಮಾವಿನಕಾಯಿಯ ತಿಳಿಸಾರು, ಕುಡಿಯದೆ ಎಷ್ಟು ಕಾಲವಾಯಿತು ಎಂದು ಅವಳು ಫೋನಿನಲ್ಲಿ ಹೇಳಿದ್ದೇ ತಡ, ಭಾವ ಎರಡು ಡ್ರಮ್ಮು ಬಾವಿ ನೀರು ತುಂಬಿಸಿದ.

"ಅಲ್ಲಿ ನೀರಿಲ್ವನೋ?" ಎಂದೆ.

"ಬೇರೆ ನೀರಿಗೆ ಆ ರುಚಿ ಬತ್ತಿಲ್ಲೆ," ಎಂದ.

ಮಾವಿನಕಾಯಿ ಬುಟ್ಟಿ, ಪಾತ್ರೆ, ಡ್ರಮ್ಮುಗಳೊಂದಿಗೆ ಸರಕಿನ ಲಾಂಚ್ ಹತ್ತಿದೆವು. ಆಚೆ ದಡದವರ ಸಿಮೆಂಟು, ಹಿಂಡಿ ಚೀಲ, ಯಾರದೋ ಫ್ರಿಜ್ಜು ಎಲ್ಲ ಅದರಲ್ಲೇ ಹೋಗಬೇಕು. ಬೇಸಿಗೆಗೆ ನೀರು ಇಳಿದಿತ್ತು. ಹಳ್ಳ ಬಂದು ಸೇರುವ ಕಡೆ, ಇಳಿಯುವ ಜಾಗ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೇ, ಲಾಂಚ್ ಕೆಸರಿಗೆ ಕೂತುಬಿಟ್ಟಿತು. ಇಳಿದು ದೂಡಿದೆವು. ನನ್ನ ಚಪ್ಪಲಿ ಹೋಯಿತೇ ಹೊರತು ಲಾಂಚ್ ಅಲುಗಲಿಲ್ಲ.

"ಭಟ್ರೆ, ಭಾರ ಇಳಿಸ್ದೆ ಇದು ಏಳೂದಿಲ್ಲ. ಸಿಮೆಂಟ್ ಚೆಲ್ಲೂಕಾಗ್ತದಾ? ನೀರು ಚೆಲ್ಲಿ," ಎಂದ ಚಾಲಕ.

"ಆನು ಬಿಡ್ತ್ನಿಲ್ಲೆ," ಎಂದು ಭಾವ ಡ್ರಮ್ಮು ತಬ್ಬಿಕೊಂಡು ಕೂತ. ನಗು ತಡೆಯಲಾಗಲಿಲ್ಲ ನನಗೆ. ಬಿಸಿಲೇರುತ್ತಿತ್ತು, ಅಡುಗೆಗೆ ಹೊತ್ತಾಗುತ್ತಿತ್ತು. ಕೊನೆಗೆ ಅವನೇ ಎದ್ದು ಒಂದು ತಂಬಿಗೆ ತುಂಬಿಟ್ಟುಕೊಂಡು ಉಳಿದದ್ದನ್ನು ಸುರಿದ. ಮತ್ತೊಮ್ಮೆ ದೂಡಿದಾಗ ಲಾಂಚ್ ಎದ್ದಿತು. ಭಾವನ ಮುಖ ಮಾತ್ರ ಏಳಲಿಲ್ಲ.

ಅಪ್ಪೆಹುಳಿ ಆದದ್ದು ಮಗಳ ಮನೆಯ ಅಬ್ಬಿ ನೀರಿನಲ್ಲಿ. ಗುಡ್ಡದಿಂದ ಅಂಗಳಕ್ಕೇ ಹರಿದು ಬರುವ ನೀರು ಅದು. ಕೊನೆಯಲ್ಲಿ ತಂಬಿಗೆಯದನ್ನು ದೇವರ ತೀರ್ಥ ಹಾಕಿದಂತೆ ಬೆರೆಸಿದ. ಬಡಿಸಿ, ಮಗಳ ಮುಖವನ್ನೇ ನೋಡುತ್ತ ನಿಂತ.

ಅವಳು ಲೋಟ ಬರಿದು ಮಾಡಿ ಮತ್ತೆ ಮುಂದೆ ಹಿಡಿದಳು. "ರಾಶಿ ಚೊಲೋ ಆಯ್ದು ಅಪ್ಪ."

"ಬಾವಿ ನೀರು ಒಂದೇ ತಂಬಿಗೆ ಇದ್ದಿತ್ತು..." ಭಾವನಿಗೆ ಸುಳ್ಳು ಬಾರದು.

"ಗೊತ್ತಿದ್ದು. ಲಾಂಚಿನವ ಹೇಳಿದ್ದ. ಇನ್ನು ಮೇಲೆ ನೀರು ತರಡ. ಇಲ್ಲಿನ ನೀರೂ ಈಗ ಎಂಗೆ ನಮ್ಮನೆ ನೀರೇ."

ಭಾವ ಸೌಟು ಹಿಡಿದು ಮುಂದಿನ ಎಲೆಗೆ ಹೋದ.

ಮರಳುವಾಗ ಡ್ರಮ್ಮುಗಳು ಖಾಲಿ. ತಂಬಿಗೆಯಲ್ಲಿ ಮಾತ್ರ ಅಬ್ಬಿ ನೀರು ತುಂಬಿತ್ತು. ಚಾಲಕ ಅದನ್ನು ಕಂಡು ಕೈ ಮುಗಿದ.

"ಇದ್ಯಾರಿಗೆ?" ಎಂದೆ.

"ನಿನ್ನ ಅಕ್ಕಂಗೆ," ಎಂದ ಭಾವ. "ಮಗಳು ಎಂತ ನೀರು ಕುಡೀತು ಹೇಳಿ ಅದಕ್ಕೂ ಗೊತ್ತಾಗಲಿ."