ಹೆಸರು ಹೇಳದೆ ಕಳಿಸಿದ ಸೆಂಟು

ಒಂದು ಕಡೆ ಸುಮ್ಮನೆ ಕುಳಿತುಕೊಳ್ಳುವುದು ನನಗೆ ಆಗದ ಕೆಲಸ. ಈಗಲೂ ಆಗದು, ಆಗಂತೂ ಕೇಳುವುದೇ ಬೇಡ. ತೊಂಬತ್ತರ ದಶಕದ ನಡುವಿನಲ್ಲಿ ಬಂಟ್ವಾಳದ ನಮ್ಮ ಮನೆಯಿಂದ ಸಿದ್ದಕಟ್ಟೆ ದಾರಿಯ ಬಸ್ಸು ಹಿಡಿದು ಮೂಡುಬಿದಿರೆಯ ಕಾಲೇಜಿಗೆ ಹೋಗುತ್ತಿದ್ದೆ. ಸೀಟು ಸಿಕ್ಕಿದ ದಿನವೂ ಎರಡು ಸ್ಟಾಪು ಮೊದಲೇ ಎದ್ದು ಬಾಗಿಲ ಬಳಿ ನಿಲ್ಲುವವಳು ನಾನು. ಇವಳ ಕಾಲಿಗೆ ಚಕ್ರ ಉಂಟು ಎಂದು ಉಮ್ಮ ಬೈಯುತ್ತಿದ್ದರು. ಮಗ್ರಿಬ್ ಬಾಂಗಿಗೆ ಮೊದಲು ಮನೆಯೊಳಗೆ ಇರಬೇಕೆನ್ನುವುದು ಅವರ ಕಾನೂನು. ಹಾಗಾಗಿ ಸಂಜೆ ಎಂದರೆ ನನಗೆ ಬೋನಿಗೆ ಹೋಗುವ ಹೊತ್ತು.

ಮನೆಯಲ್ಲಿ ಉಮ್ಮ, ಅತ್ತಿಗೆ, ನಾನು, ಮೂರೇ ಜನ. ಅಣ್ಣ ಮದುವೆಯಾದ ಮೂರನೇ ತಿಂಗಳಿಗೆ ಗಲ್ಫಿಗೆ ವಾಪಸು ಹೋಗಿದ್ದ. ಕಾಗದ ಬರೆಯುವುದೆಂದರೆ ಅವನಿಗೆ ಸೋಮಾರಿತನ. ಊರಿಗೆ ಬರುವವರ ಕೈಯಲ್ಲಿ ಸಾಮಾನಿನ ಕಟ್ಟು, ಅದರ ಜೊತೆಗೆ ತಾನು ಮಾತಾಡಿ ತುಂಬಿಸಿದ ಕ್ಯಾಸೆಟ್ ಕಳಿಸುತ್ತಿದ್ದ. ಟೇಪ್ ರೆಕಾರ್ಡರಿನ ಸುತ್ತ ಅಕ್ಕಪಕ್ಕದ ಮನೆಯವರೂ ಬಂದು ಕೂರುತ್ತಿದ್ದರು. ಅಷ್ಟು ಜನರ ಎದುರು ಗಂಡಸು ತನ್ನ ಹೆಂಡತಿಯ ಮಾತು ಎತ್ತುವುದುಂಟೇ? ಬಟ್ಟೆ ಉಮ್ಮನಿಗೆ, ಪೆನ್ನು ತಂಗಿಗೆ, ಟಾರ್ಚು ಪಕ್ಕದ ಮನೆಯವರಿಗೆ ಎಂದು ಒಂದೊಂದಾಗಿ ಹೇಳಿ ಮುಗಿಸುತ್ತಿದ್ದ. ಯಾರಿಗೆ ಎಂದು ಹೇಳದೆ ಉಳಿದದ್ದು ಅತ್ತಿಗೆಯದು. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ, ಗಲ್ಫಿಗೆ ಹೋದವರ ಮನೆಗಳಲ್ಲಿ ಹಾಗೇ ನಡೆದುಕೊಂಡು ಬಂದದ್ದು. ಎಲ್ಲರೂ ಎದ್ದು ಹೋದ ಮೇಲೆ ಅತ್ತಿಗೆ ಅದನ್ನು ಮೆಲ್ಲ ಎತ್ತಿಕೊಂಡು ತಮ್ಮ ಕೋಣೆಗೆ ಹೋಗುತ್ತಿದ್ದರು.

ಆ ಸಲ ವಿಟ್ಲದವರೊಬ್ಬರು ತಂದುಕೊಟ್ಟ ಕಟ್ಟಿನಲ್ಲಿ ಹಾಗೆ ಉಳಿದದ್ದು ಒಂದು ಸೆಂಟು. ಕಪ್ಪು ಪೆಟ್ಟಿಗೆ, ಒಳಗೆ ಕಡುನೇರಳೆ ಗಾಜಿನ ಬಾಟ್ಲಿ. ಆವರೆಗೆ ನಮ್ಮಲ್ಲಿಗೆ ಬಂದ ಅತ್ತರುಗಳೆಲ್ಲ ಹೊಸ್ತಿಲು ದಾಟುವ ಮೊದಲೇ ಮೂಗಿಗೆ ಹೊಡೆಯುವಂಥವು. ಇದು ಹಾಗಲ್ಲ. ಮುಚ್ಚಳ ತೆಗೆದಾಗ ಕಿತ್ತಳೆ ಸಿಪ್ಪೆಯ ಹಾಗೆ ತುಸು ಚುರುಕು, ಸ್ವಲ್ಪ ಹೊತ್ತಾದ ಮೇಲೆ ಬೆಚ್ಚಗಿನ ಬೇರೆಯೇ ಪರಿಮಳ. ಪೆಟ್ಟಿಗೆಯ ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು: ಇದು ಸಂಜೆಯ ಪರಿಮಳ, ತನ್ನ ಮನಸ್ಸು ತನಗೆ ಗೊತ್ತಿದ್ದು ಅದನ್ನು ಎಲ್ಲರೆದುರು ಬಿಚ್ಚಿಡದ ಹೆಣ್ಣಿಗೆ ಒಪ್ಪುವಂಥದ್ದು. ಓದಿದ ಕೂಡಲೇ ಅದು ನಾನೇ ಎನಿಸಿತು. ನನ್ನ ಮನಸ್ಸು ಐದು ನಿಮಿಷ ಒಂದೇ ಕಡೆ ನಿಂತದ್ದಿಲ್ಲ, ಹೊಟ್ಟೆಯಲ್ಲಿ ಒಂದು ಮಾತು ಉಳಿದದ್ದಿಲ್ಲ, ಆದರೂ ಹಾಗೆನಿಸಿತು. ಅತ್ತಿಗೆ ನಾರಾವಿ ಕಡೆಯ ಹಳ್ಳಿಯವರು, ಐದನೇ ಕ್ಲಾಸಿಗೆ ಶಾಲೆ ಬಿಟ್ಟವರು, ಇಡೀ ದಿನ ಅಡುಗೆಮನೆಯಲ್ಲಿ ಇರುವವರು. ಇವರಿಗೆಂಥ ಸಂಜೆ, ಇವರಿಗೆಂಥ ಗುಟ್ಟು ಎಂದುಕೊಂಡೆ.

ಅಷ್ಟರಲ್ಲಿ ಅತ್ತಿಗೆಯೇ ಕೇಳಿದರು, "ಅದರಲ್ಲಿ ಎಂಥ ಬರೆದುಂಟು?"

"ಕಾಲೇಜಿಗೆ ಹೋಗುವ ಹುಡುಗಿಯರಿಗೆ ಅಂತ ಉಂಟು. ಮದುವೆಯಾದವರಿಗೆ ಬೇರೆ ಬರ್ತದಂತೆ."

ಮನೆಯಲ್ಲಿ ಇಂಗ್ಲಿಷ್ ಓದಲು ಬರುತ್ತಿದ್ದವಳು ನಾನೊಬ್ಬಳೇ. ಅಚ್ಚಾದ ಅಕ್ಷರವನ್ನು ನಾನು ಬದಲಾಯಿಸಿ ಓದಬಹುದು ಎನ್ನುವುದು ಅತ್ತಿಗೆಯ ತಲೆಗೇ ಹೋಗಿರಲಿಕ್ಕಿಲ್ಲ. ಪೆಟ್ಟಿಗೆಯನ್ನು ಒಮ್ಮೆ ತಿರುಗಿಸಿ ನೋಡಿದರು. "ಹಾಗಾದರೆ ನಿನಗೇ ಕಳಿಸಿದ್ದು," ಎಂದು ನನ್ನ ಕೈಯಲ್ಲಿಟ್ಟರು. ಆವತ್ತು ಅವರು ಬರಿಗೈಯಲ್ಲಿ ಕೋಣೆಗೆ ಹೋದರು.

ಸಿಕ್ಕಿದ್ದೇನೋ ಸಿಕ್ಕಿತು, ಹಚ್ಚಿಕೊಂಡು ಹೋಗುವುದೆಲ್ಲಿಗೆ? ಹೊರಗೆ ಹೋಗುವಾಗ ಹೆಣ್ಣುಮಕ್ಕಳು ಸೆಂಟು ಹಚ್ಚಬಾರದೆಂದು ಉಮ್ಮ ಮೊದಲ ದಿನವೇ ಹೇಳಿದ್ದರು. ಹಾಗಾಗಿ ಕಾಲೇಜಿನಿಂದ ಬಂದು, ಮುಖ ತೊಳೆದು, ಮಣಿಕಟ್ಟಿಗೆ ಒಂದು ಚೂರು ಹಚ್ಚಿಕೊಂಡು ಅರ್ಥಶಾಸ್ತ್ರದ ನೋಟ್ಸು ಹಿಡಿದು ಚಾವಡಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಚಾವಡಿಗೆ ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗುತ್ತಿದ್ದೆ. ಪರಿಮಳ ನನ್ನ ಹಿಂದೆಯೇ ಬರುತ್ತಿತ್ತು. ರೊಟ್ಟಿ ತಟ್ಟುತ್ತಿದ್ದ ಅತ್ತಿಗೆಯ ಕೈ ಒಂದು ಗಳಿಗೆ ನಿಲ್ಲುತ್ತಿತ್ತು, ಮತ್ತೆ ತಟ್ಟುತ್ತಿತ್ತು. ಅದನ್ನು ಕಂಡಾಗ ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು, ಅವರ ಮೇಲೆಯೇ. ಕಿತ್ತುಕೊಳ್ಳಬಾರದೇ, ಜಗಳವಾಡಬಾರದೇ ಎಂದು.

ಅವರು ಕೇಳುವುದಾದರೂ ಯಾರನ್ನು? ಅಣ್ಣನಿಗೆ ಉತ್ತರದ ಕ್ಯಾಸೆಟ್ ತುಂಬಿಸುವಾಗಲೂ ಮನೆ ತುಂಬ ಜನ. ಉಮ್ಮ ಅರ್ಧ ಗಂಟೆ ಮಾತಾಡಿದರು. ಕೊನೆಯಲ್ಲಿ ಒತ್ತಾಯಕ್ಕೆ ಅತ್ತಿಗೆ ಮೈಕಿನ ಹತ್ತಿರ ಬಂದು, "ಸಾಮಾನು ಎಲ್ಲ ಬಂತು, ಎಲ್ಲರಿಗೂ ಖುಷಿ ಆಯ್ತು," ಎಂದು ಹಿಂದೆ ಸರಿದರು. ಹೆಂಡತಿಗೂ ಬಂತೆಂದು ಅಣ್ಣ ಅರ್ಥ ಮಾಡಿಕೊಂಡಿರುತ್ತಾನೆ. ಗಂಡ ಈ ಸಲ ತನ್ನನ್ನು ಮರೆತನೆಂದು ಇವರು ಇಲ್ಲಿ ನಂಬಿದ್ದರು. ನಡುವೆ ನಿಂತವಳು ನಾನು, ಎರಡೂ ಗೊತ್ತಿದ್ದವಳು. ಒಂದು ದಿನ ತಡೆಯಲಾಗದೆ ಬಾಟ್ಲಿಯನ್ನು ಅವರ ಕಪಾಟಿನ ಸೀರೆಗಳ ಸಂದಿಯಲ್ಲಿ ಇಟ್ಟು ಬಂದೆ. ಮಾರನೇ ದಿನ ಅದು ನನ್ನ ಮೇಜಿನ ಮೇಲಿತ್ತು. "ನಿನ್ನದು ನನ್ನ ಕಪಾಟಿಗೆ ಬಂದಿತ್ತು," ಎಂದರು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಬೇರೆ ಬೇಕಿತ್ತೇ? ಬಸ್ಸಿಗೆ ಹೊತ್ತಾಯಿತೆಂದು ಓಡಿದೆ.

ವರ್ಷ ದಾಟಿದ ಮೇಲೆ ಅಣ್ಣ ರಜೆಯಲ್ಲಿ ಬಂದ. ಬಂದದ್ದು ಸಂಜೆಗೆ. ಮನೆಯಲ್ಲಿ ಸಂಭ್ರಮ, ನಾನು ಬುದ್ಧಿಯಿಲ್ಲದವಳು ಅದೇ ಸೆಂಟು ಹಚ್ಚಿಕೊಂಡು ಬಾಗಿಲಿಗೆ ಓಡಿದೆ. ನನ್ನ ತಲೆಯ ಮೇಲೆ ಕೈಯಿಟ್ಟವನು ಹಾಗೇ ನಿಂತ. ಅವನ ಮುಖ ಬಾಡಿತು.

"ಇದು ನಿನಗೆ ಯಾರು ಕೊಟ್ಟದ್ದು?"

ಒಳಬಾಗಿಲ ಪರದೆಯ ಹತ್ತಿರ ನಿಂತಿದ್ದ ಅತ್ತಿಗೆ ಅವನ ಮುಖ ನೋಡಿದರು, ಆಮೇಲೆ ನನ್ನ ಮುಖ. ಎಲ್ಲ ತಿಳಿಯಲು ಅವರಿಗೆ ಅಷ್ಟೇ ಸಾಕಾಯಿತು.

"ನಾನೇ ಕೊಟ್ಟದ್ದು," ಎಂದರು ಅತ್ತಿಗೆ. "ನನಗೆ ಸೆಂಟಿನ ಪರಿಮಳ ಆಗುವುದಿಲ್ಲ. ತಲೆನೋವು ಬರ್ತದೆ."

"ಹೌದಾ? ನನಗೆ ಗೊತ್ತಿರಲಿಲ್ಲ," ಎಂದ ಅಣ್ಣ.

ಪೆಟ್ಟಿಗೆಯ ಹಿಂದೆ ಬರೆದದ್ದು ಯಾರ ಬಗ್ಗೆ ಎನ್ನುವುದು ನನಗೆ ಆಗ ಗೊತ್ತಾಯಿತು, ನಾಚಿಕೆಯೂ ಆಯಿತು. ಮರುದಿನ ಅಣ್ಣ ಸೂಟ್‌ಕೇಸು ಬಿಚ್ಚಿದಾಗ ಬಟ್ಟೆಗಳ ಅಡಿಯಲ್ಲಿ ಅಂಥದ್ದೇ ಇನ್ನೊಂದು ಕಪ್ಪು ಪೆಟ್ಟಿಗೆ ಇತ್ತು. ಅವನು ಅದನ್ನು ಕೈಯಲ್ಲಿ ಹಿಡಿದು ಒಮ್ಮೆ ಅಡುಗೆಮನೆಯ ಕಡೆ ನೋಡಿ ನನ್ನ ಕಡೆಗೆ ಚಾಚಿದ. ನಾನು ಬೇಡ ಎನ್ನಲಿಲ್ಲ. ಬೇಡ ಅಂದಿದ್ದರೆ ಯಾಕೆಂದು ಕೇಳುತ್ತಿದ್ದ.

ಎರಡು ಸಾವಿರ ಇಸವಿ ದಾಟಿದ ಮೇಲೆ ನಾನು ಬೆಳ್ತಂಗಡಿಯಲ್ಲಿ ಟೀಚರಾದೆ. ಅಣ್ಣ ಗಲ್ಫು ಬಿಟ್ಟು ಬಂದು ಬಂಟ್ವಾಳದಲ್ಲಿ ಅಂಗಡಿ ಇಟ್ಟ. ನನಗೆ ಈ ವಿಷಯ ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಿನ ಹಾಗೆ ಉಳಿದೇ ಇತ್ತು. ಒಂದು ಭಾನುವಾರ ಮಂಗಳೂರಿಗೆ ಹೋಗಿ ಮೂರ್ನಾಲ್ಕು ಅಂಗಡಿ ಅಲೆದು, ಕೊನೆಗೂ ಅದೇ ಸೆಂಟನ್ನು ಹುಡುಕಿ ತೆಗೆದುಕೊಂಡು ನೇರ ಅತ್ತಿಗೆಯ ಮುಂದೆ ಇಟ್ಟೆ. ಅಂದು ನಾನು ಓದಿದ್ದು ಸುಳ್ಳು, ಅದು ನಿಮಗೇ ಬಂದದ್ದು ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

"ಅವರು ಬಂದ ದಿನವೇ ಗೊತ್ತಾಯ್ತು," ಎಂದರು. "ಅದಕ್ಕೆ ಮೊದಲು ಒಂದು ವರ್ಷ ನಾನು ಏನೇನೆಲ್ಲ ಯೋಚನೆ ಮಾಡಿದ್ದೇನೆ ಅಂತ ನಿನಗೆ ಗೊತ್ತಿಲ್ಲ."

ಬೈಯಲಿ ಎಂದು ಕಾದೆ. ಅವರು ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದರು, ಕಣ್ಣು ಮುಚ್ಚಿದರು. ಆಮೇಲೆ ಮುಚ್ಚಳವನ್ನು ಗಟ್ಟಿಯಾಗಿ ತಿರುಗಿಸಿದರು.

"ಹಚ್ಚಿಕೊಳ್ಳಿ," ಎಂದೆ.

"ಹೇಗೆ ಹಚ್ಚಲಿ? ನನಗೆ ತಲೆನೋವು ಬರ್ತದೆ ಅಂತ ಅವರು ಅತ್ತರು ಹಚ್ಚುವುದೇ ಬಿಟ್ಟಿದ್ದಾರೆ. ಹಬ್ಬಕ್ಕೂ ಹಚ್ಚುವುದಿಲ್ಲ. ಇಷ್ಟು ವರ್ಷ ಆಯ್ತು."

ಅವರು ಬಾಟ್ಲಿಯನ್ನು ನನ್ನ ಚೀಲಕ್ಕೆ ಹಾಕಿ ಜಿಪ್ಪು ಎಳೆದರು. ಅಣ್ಣ ಅಂಗಡಿಯಿಂದ ಬರುವ ಹೊತ್ತಾಗಿತ್ತು. ಅವರು ಎದ್ದು ಕಿಟಕಿಗಳನ್ನೆಲ್ಲ ತೆರೆದಿಟ್ಟರು.