ಹೊರಕ್ಕೆ ತೆರೆಯುವ ಬಾಗಿಲು

ಬಾಗಿಲನ್ನು ಎಳೆದದ್ದೇ ತಡ, ನಾನು ಕುಳಿತಿದ್ದ ವೀಲ್‌ಚೇರ್ ಇಳಿಜಾರಿನಲ್ಲಿ ಹಿಂದಕ್ಕೆ ಜಾರತೊಡಗಿತು. ಪಕ್ಕದ ಮರದ ಕಂಬಿ ಕೈಗೆ ಸಿಗದಿದ್ದರೆ ಕೆಳಗಿನ ಜಲ್ಲಿಕಲ್ಲಿನ ಮೇಲೆ ಬೀಳುತ್ತಿದ್ದೆ.

ಆ ವೀಲ್‌ಚೇರ್ ಧಾರವಾಡ ಕಡೆಯ ಆಂಟಿಯದು. ಅಮೆರಿಕದ ಆಸ್ಟಿನ್ ಹೊರವಲಯದಲ್ಲಿ, ಫ್ಯಾಕ್ಟರಿಯಲ್ಲಿ ತಯಾರಾಗಿ ಟ್ರಕ್ಕಿನ ಮೇಲೆ ಬಂದಿಳಿದ ಮನೆ ಅವರದು. ಪಾರ್ಶ್ವವಾಯು ಹೊಡೆದ ಮೇಲೆ ಅದರ ಮೆಟ್ಟಿಲು ಇಳಿಯಲಾಗದೆ ಒಳಗೇ ಉಳಿದಿದ್ದರು. ನಾವು ನಾಲ್ವರು ಕನ್ನಡದ ಇಂಜಿನಿಯರುಗಳು ಎರಡು ಶನಿವಾರ ದುಡಿದು, ವೀಲ್‌ಚೇರ್ ಹತ್ತಿಳಿಯುವಂತೆ ಮರದ ರ‍್ಯಾಂಪ್ ಕಟ್ಟಿದೆವು. ಇಳಿಜಾರಿನ ಲೆಕ್ಕವನ್ನು ಮೂರು ಸಲ ನೋಡಿದ್ದೆವು. ಮೇಲೆ ನಿಂತು ಕುಣಿದು, ಗಟ್ಟಿಯಾಗಿದೆ ಎಂದುಕೊಂಡು, ತೆಂಗಿನಕಾಯಿ ಒಡೆದು, ವಾಟ್ಸ್ಯಾಪ್ ಗುಂಪಿಗೆ ಫೋಟೊವನ್ನೂ ಹಾಕಿಬಿಟ್ಟಿದ್ದೆವು.

ಸೋಫಾದ ಮೇಲಿದ್ದ ಆಂಟಿ ಕಿಟಕಿಯಿಂದ ಎಲ್ಲ ನೋಡಿ ಅಂದರು: “ಛಲೋ ಕಟ್ಟೀರಿ. ಆದ್ರ ಯಾರರ ಒಬ್ರು ನನ್ನ ಕುರ್ಚ್ಯಾಗ ಕುಂತು, ಹೊರಗಿಂದ ಬಾಗಲಾ ತಗದು ನೋಡ್ರೆಪಾ.”

ಹಾಗೆ ಕೂತು ಜಾರಿದ್ದು ನಾನು. ಅಂಥ ಮನೆಗಳ ಬಾಗಿಲು ಹೊರಕ್ಕೆ ತೆರೆಯುತ್ತದೆ. ಅದನ್ನು ಎಳೆಯುವಾಗ ವೀಲ್‌ಚೇರ್ ನಿಲ್ಲಲು ಬಾಗಿಲೆದುರು ಸಮತಟ್ಟಾದ ಜಾಗ ಬೇಕು. ನಾವು ಇಳಿಜಾರನ್ನು ನೇರ ಬಾಗಿಲ ಬುಡಕ್ಕೇ ತಂದು ನಿಲ್ಲಿಸಿದ್ದೆವು. ನಾಲ್ವರೂ ಹತ್ತಾರು ಸಲ ಅದೇ ಬಾಗಿಲು ತೆರೆದಿದ್ದೆವು, ನಿಂತುಕೊಂಡು!

ಮುಂದಿನ ಶನಿವಾರವೇ ಮೇಲ್ಭಾಗವನ್ನು ಕಿತ್ತು ಸರಿಯಾಗಿ ಕಟ್ಟಿದೆವು. ಆದರೂ ನನಗೆ ಸಮಾಧಾನವಿಲ್ಲ. ಆಫೀಸಿನ ಬಾಗಿಲು ಎಳೆಯುವಾಗಲೆಲ್ಲ ನನ್ನ ಕಾಲು ತಾನಾಗಿ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಆ ಹೆಜ್ಜೆ ನಮ್ಮ ಯಾವ ಲೆಕ್ಕದಲ್ಲೂ ಇರಲಿಲ್ಲ.